ಹಿರಿಯರ ಆರೈಕೆ: ಕರುಣೆಯ ಜೊತೆಗೆ ಕಲಿಕೆಯೂ ಬೇಕು

ಇದು ನಿಮ್ಮ ಬೀದಿಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ. ಎಪ್ಪತ್ತೈದು ದಾಟಿದ ತಾತನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ್ದಾರೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಪರಿಚಯದವರ ಮೂಲಕ ಒಬ್ಬ ಹುಡುಗಿಯನ್ನು ಆರೈಕೆಗೆ ಗೊತ್ತುಮಾಡಿಕೊಂಡರು. ಹುಡುಗಿ ಒಳ್ಳೆಯವಳು, ತಾತನ ಮೇಲೆ ಅಕ್ಕರೆ ಇರುವವಳು. ಅವರಿಗೆ ಆಯಾಸವಾಗಬಾರದೆಂದು ಮಲಗಿದ್ದಲ್ಲಿಗೇ ಅನ್ನ ಕಲಸಿ ತಂದು ಬಾಯಿಗಿಡುತ್ತಾಳೆ. ನಿದ್ದೆ ಹತ್ತಿದ್ದರೆ ಮಗ್ಗುಲು ಬದಲಿಸಲೂ ಹೋಗುವುದಿಲ್ಲ. ಎಬ್ಬಿಸಿ ಕೂರಿಸಬೇಕಾದಾಗ ಆ ಬಲಗೈಯನ್ನೇ ಹಿಡಿದು ಎಳೆಯುತ್ತಾಳೆ. ಹದಿನೈದು ದಿನ ಕಳೆಯುವುದರೊಳಗೆ ತಾತನ ಸೊಂಟದ ಕೆಳಗೆ ರೂಪಾಯಿಯಗಲದ ಹುಣ್ಣು, ಭುಜದಲ್ಲಿ ತಡೆಯಲಾರದ ನೋವು, ಜೊತೆಗೆ ಕೆಮ್ಮು, ಜ್ವರ.

ಹುಡುಗಿಯದು ತಪ್ಪೇ? ಅವಳಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹಿರಿಯರ ಆರೈಕೆಗೆ ಒಳ್ಳೆಯ ಮನಸ್ಸಿದ್ದರೆ ಸಾಕು, ಅದರಲ್ಲಿ ಕಲಿಯುವುದೇನಿದೆ ಎಂದು ನಾವೆಲ್ಲ ತಿಳಿದಿದ್ದೇವೆ. ಬಡಗಿ ಕೆಲಸಕ್ಕೆ, ಹೊಲಿಗೆಗೆ, ವಾಹನ ಓಡಿಸುವುದಕ್ಕೆ ತರಬೇತಿ ಬೇಕೆಂದು ಒಪ್ಪುವ ನಾವು, ಜೀವವನ್ನೇ ಕೈಗೆ ಕೊಡುವ ಈ ಕೆಲಸಕ್ಕೆ ಮಾತ್ರ ಬೇಡವೆನ್ನುತ್ತೇವೆ. ಇದೊಂದು ಕಸುಬು, ಕಲಿತೇ ಮಾಡಬೇಕಾದ ಕಸುಬು ಎಂಬುದೇ ಈ ವಾರದ ಪಾಠ. ಈ ಕೆಲಸಕ್ಕೆ ಬರಬೇಕೆಂದಿರುವ ಯುವಕ ಯುವತಿಯರೂ, ಮನೆಯ ಹಿರಿಯರಿಗಾಗಿ ಜನ ಹುಡುಕುತ್ತಿರುವವರೂ ಇದನ್ನು ಓದಬೇಕು.

ಅಗತ್ಯ ಎಷ್ಟು?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ಮೀರಿದವರು ಸುಮಾರು 10.4 ಕೋಟಿ. 2031ರ ವೇಳೆಗೆ ಈ ಸಂಖ್ಯೆ 19 ಕೋಟಿ ದಾಟುತ್ತದೆಂದು ಸರ್ಕಾರದ ಅಂಕಿಅಂಶ ಇಲಾಖೆ ಅಂದಾಜು ಮಾಡಿದೆ. ಇತ್ತ ಕುಟುಂಬಗಳು ಚಿಕ್ಕದಾಗಿವೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹಿಂದೆ ಮನೆಯಲ್ಲಿ ನಾಲ್ವರು ಹಂಚಿಕೊಳ್ಳುತ್ತಿದ್ದ ಶುಶ್ರೂಷೆ ಈಗ ಒಬ್ಬರ ಹೆಗಲಿಗೆ ಬಿದ್ದಿದೆ. ಆದ್ದರಿಂದ ಕೆಲಸ ಬಲ್ಲವರಿಗೆ ಮನೆಗಳಲ್ಲಿ, ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಗಳಲ್ಲಿ ಬೇಡಿಕೆ ಹೆಚ್ಚುತ್ತಲೇ ಇದೆ.

ಯಾರು, ಎಲ್ಲಿ ಕಲಿಯಬಹುದು?

ನರ್ಸಿಂಗ್ ಪದವಿಗೆ ವರ್ಷಗಟ್ಟಲೆ ಓದಬೇಕು. ಆರೈಕೆ ಸಹಾಯಕರ ತರಬೇತಿಗೆ ಅಷ್ಟು ಬೇಕಿಲ್ಲ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಆಸುಪಾಸಿನ ಓದು, ಗಟ್ಟಿ ಆರೋಗ್ಯ ಮತ್ತು ತಾಳ್ಮೆ ಇದ್ದರೆ ಸೇರಬಹುದು. ಕೇಂದ್ರ ಸರ್ಕಾರದ ಕೌಶಲ ತರಬೇತಿ ವ್ಯವಸ್ಥೆಯಲ್ಲಿ ‘ಹೋಮ್ ಹೆಲ್ತ್ ಏಡ್’ ಮತ್ತು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೋರ್ಸುಗಳಿವೆ. ಮೊದಲನೆಯದು ಮನೆಯಲ್ಲಿ ನೋಡಿಕೊಳ್ಳುವವರಿಗೆ, ಎರಡನೆಯದು ಹೆಚ್ಚಾಗಿ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯುವವರಿಗೆ. ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಅಧೀನದಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಡಿಫೆನ್ಸ್ ಕೂಡ ವೃದ್ಧರ ಆರೈಕೆಯ ತರಬೇತಿಗಳನ್ನು ನಡೆಸುತ್ತ ಬಂದಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂತಹ ಸಂಸ್ಥೆಗಳೂ ಈ ಕೆಲಸ ಕಲಿಸುತ್ತವೆ.

ಸೇರುವ ಮುನ್ನ ಎರಡು ಪ್ರಶ್ನೆ ಕೇಳಿ. ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ? ಆಸ್ಪತ್ರೆಯಲ್ಲಾಗಲಿ ವೃದ್ಧಾಶ್ರಮದಲ್ಲಾಗಲಿ ಕೈಯಾರೆ ಕೆಲಸ ಮಾಡಿಸುತ್ತಾರೆಯೇ? ಕಪ್ಪು ಹಲಗೆಯ ಮೇಲೆ ಈಜು ಕಲಿಸಲಾಗದು. ಇದೂ ಹಾಗೆಯೇ.

ಇನ್ನು, ತರಬೇತಿಯಲ್ಲಿ ಏನನ್ನು ಕಲಿಸುತ್ತಾರೆ? ಮುಖ್ಯವಾದ ಕೆಲವನ್ನು ನೋಡೋಣ.

ಎರಡು ಗಂಟೆಯ ಲೆಕ್ಕ

ಆರಂಭದ ಪಾಠ ಕೈ ತೊಳೆಯುವುದು. ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಬುಡ ಉಜ್ಜಿ ತೊಳೆಯಬೇಕು. ಅದರ ನಂತರದ ದೊಡ್ಡ ಪಾಠ ಹಾಸಿಗೆ ಹುಣ್ಣಿನದು.

ನಾವು ನಿದ್ದೆಯಲ್ಲೂ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಿರುತ್ತೇವೆ. ಸ್ವಾಧೀನ ತಪ್ಪಿದವರಿಗೆ ಅದಾಗದು. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಅದುಮಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಅಲ್ಲಿನ ಮಾಂಸ ಸಾಯತೊಡಗುತ್ತದೆ. ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಪಕ್ಕದ ಮೂಳೆ, ಭುಜ, ಮೊಣಕೈ ಇವು ಅಪಾಯದ ಜಾಗಗಳು. ಆದ್ದರಿಂದ ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ಮಗ್ಗುಲು ಬದಲಿಸಿ ಮಲಗಿಸಬೇಕು. ಎಳೆದು ಸರಿಸಿದರೆ ಚರ್ಮ ತರಚುತ್ತದೆ. ಹಾಸಿದ ಬಟ್ಟೆಯ ಸಹಾಯದಿಂದ ಎತ್ತಿ ಸರಿಸಬೇಕು. ದಿನವೂ ಸ್ನಾನ ಮಾಡಿಸುವಾಗ ಈ ಜಾಗಗಳನ್ನೆಲ್ಲ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಹುಟ್ಟುತ್ತಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಇರಬಹುದು; ಅಲ್ಲಿ ಬಿಸಿ, ಗಡಸು, ನೋವು ಇದೆಯೇ ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು ನಮ್ಮಲ್ಲಿ ರೂಢಿ. ಅದು ತಪ್ಪು. ಒಳಗಿನ ಗಾಯ ಇನ್ನೂ ಹೆಚ್ಚುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ ವೈದ್ಯರಿಗೆ ತಿಳಿಸಬೇಕು.

ನೆತ್ತಿಗೆ ಹತ್ತಿದರೆ

ಊಟ ಮಾಡುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುತ್ತೇವೆ. ನಿಜವಾಗಿ ಆಹಾರ ಹೋಗಲು ನೋಡಿದ್ದು ನೆತ್ತಿಗಲ್ಲ, ಶ್ವಾಸನಾಳಕ್ಕೆ. ಆರೋಗ್ಯವಂತರು ಕೆಮ್ಮಿ ಅದನ್ನು ಹೊರದೂಡುತ್ತಾರೆ. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ ನುಂಗುವ ಶಕ್ತಿಯೂ ಕೆಮ್ಮುವ ಶಕ್ತಿಯೂ ಕುಂದಿರುತ್ತವೆ. ಆಗ ಅಗುಳು, ನೀರು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು.

ಆದ್ದರಿಂದ ಮಲಗಿಸಿ ಉಣಿಸಲೇಬಾರದು. ನೆಟ್ಟಗೆ ಕೂರಿಸಿ, ಗದ್ದ ಕೊಂಚ ಕೆಳಗಿರುವಂತೆ ನೋಡಿಕೊಂಡು, ಚಿಕ್ಕ ಚಮಚದಲ್ಲಿ ಕೊಡಬೇಕು. ಒಂದು ತುತ್ತು ಇಳಿದದ್ದು ಖಚಿತವಾದ ಮೇಲೆ ಇನ್ನೊಂದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂತಿರಬೇಕು. ತೆಳು ನೀರಿಗಿಂತ ಗಂಜಿಯಂತಹ ಮಂದ ಪದಾರ್ಥ ಕೆಲವರಿಗೆ ಸುಲಭವಾಗಿ ಇಳಿಯುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರನ್ನು ಕೇಳಿ ತಿಳಿಯಬೇಕು. ಪ್ರತಿ ಊಟದಲ್ಲೂ ಕೆಮ್ಮು ಬರುತ್ತಿದ್ದರೆ ಅಥವಾ ಉಂಡ ಮೇಲೆ ಗಂಟಲು ಗೊರಗೊರ ಎನ್ನುತ್ತಿದ್ದರೆ ತಡಮಾಡದೆ ತಿಳಿಸಬೇಕು.

ಎತ್ತುವುದಲ್ಲ, ಏಳಲು ನೆರವಾಗುವುದು

ಮಲಗಿದ್ದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳಬಹುದು. ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಬೇಕು. ಗಾಲಿಕುರ್ಚಿಯನ್ನು ಶಕ್ತಿ ಇರುವ ಮಗ್ಗುಲಿಗೆ ಇಟ್ಟು ಬ್ರೇಕ್ ಹಾಕಬೇಕು. ಹಿಡಿಯಬೇಕಾದ್ದು ಸೊಂಟದ ಬಳಿ ಅಥವಾ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು. ಸ್ವಾಧೀನ ತಪ್ಪಿದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಅಂಗಿ ತೊಡಿಸುವಾಗ ಆ ಕೈಗೆ ಮೊದಲು, ಬಿಚ್ಚುವಾಗ ಒಳ್ಳೆಯ ಕೈಯಿಂದ ಮೊದಲು. ಈ ಒಂದು ಸಣ್ಣ ಸೂತ್ರ ಎಷ್ಟೋ ನೋವನ್ನು ಉಳಿಸುತ್ತದೆ.

ನಿಮ್ಮ ಬೆನ್ನನ್ನೂ ನೀವು ಕಾಪಾಡಿಕೊಳ್ಳಬೇಕು. ಸೊಂಟ ಬಗ್ಗಿಸಿ ಎತ್ತಬೇಡಿ. ಕಾಲು ಅಗಲಿಸಿ, ಮಂಡಿ ಮಡಿಸಿ, ಅವರ ಹತ್ತಿರ ನಿಂತು ಏಳಿಸಿ. ಭಾರದವರಿಗೆ ಇಬ್ಬರು ಬೇಕು. ಸೊಂಟ ಹಿಡಿದು ಈ ಕೆಲಸವನ್ನೇ ಬಿಟ್ಟವರು ಕಡಿಮೆಯೇನಿಲ್ಲ.

ಇದು ಎರಡನೆಯ ಬಾಲ್ಯವಲ್ಲ

ಮುಪ್ಪೆಂದರೆ ಎರಡನೆಯ ಬಾಲ್ಯ ಎನ್ನುವುದುಂಟು. ಆರೈಕೆ ಮಾಡುವವರು ಈ ಮಾತನ್ನು ನಂಬಬಾರದು. ಮಗುವಿಗೆ ಹಿಂದಿನ ಬದುಕಿಲ್ಲ. ಇವರು ಸಂಸಾರ ನಡೆಸಿದವರು, ಹತ್ತು ಜನಕ್ಕೆ ಬುದ್ಧಿ ಹೇಳಿದವರು. ಹೇಗೆ ಕರೆಯಲಿ ಎಂದು ಮೊದಲ ದಿನವೇ ಕೇಳಿ. ಅಜ್ಜಿ ಎಂದರೆ ಕೆಲವರಿಗೆ ಇಷ್ಟ, ಕೆಲವರಿಗೆ ಅಮ್ಮ ಎನ್ನಬೇಕು. ನಿವೃತ್ತ ಉಪಾಧ್ಯಾಯರೊಬ್ಬರ ಮುಖ ‘ಮೇಷ್ಟ್ರೇ’ ಎಂದೊಡನೆ ಅರಳಬಹುದು. ಮುಟ್ಟುವ ಮೊದಲು ಹೇಳಿ ಮುಟ್ಟಿ. ಸ್ನಾನ, ಶೌಚದ ವೇಳೆ ಬಾಗಿಲು ಮುಚ್ಚಿ, ಮೈಮೇಲೆ ಬಟ್ಟೆ ಹೊದಿಸಿ. ಹೆಂಗಸರಿಗೆ ಶುಚಿ ಮಾಡುವಾಗ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಇಲ್ಲದಿದ್ದರೆ ಮೂತ್ರದ ಸೋಂಕು ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಅವರು ಮಾಡಬಲ್ಲದ್ದನ್ನು ನೀವು ಮಾಡಬೇಡಿ. ಎಡಗೈಯಲ್ಲಿ ಚಮಚ ಹಿಡಿಯಬಲ್ಲವರಿಗೆ ಚಮಚ ಕೊಡಿ. ಚೆಲ್ಲಿದರೆ ಚೆಲ್ಲಲಿ, ತಡವಾದರೆ ಆಗಲಿ. ಅತಿಯಾಗಿ ಮಾಡಿಕೊಟ್ಟರೆ ಉಳಿದಿರುವ ಶಕ್ತಿಯೂ ಕುಂದುತ್ತದೆ.

ಮರೆಗುಳಿ ಕಾಯಿಲೆ ಇರುವವರಲ್ಲಿ ತಾಳ್ಮೆ ಇನ್ನೂ ಹೆಚ್ಚು ಬೇಕು. ಸಂಜೆಯಾಗುತ್ತಲೇ ‘ನಮ್ಮನೆಗೆ ಹೋಗಬೇಕು’ ಎಂದು ಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ. ಇದೇ ನಿಮ್ಮ ಮನೆ ಎಂದು ವಾದಿಸಿ ಗೆಲ್ಲಲಾರಿರಿ. ದೀಪ ಹಾಕಿ, ಪಕ್ಕದಲ್ಲಿ ಕೂತು, ಆ ಮನೆ ಎಲ್ಲಿತ್ತು, ಯಾರ್ಯಾರಿದ್ದರು ಎಂದು ಕೇಳಿ. ಅವರೆಕಾಯಿ ಸುಲಿಯಲು, ಬಟ್ಟೆ ಮಡಿಸಲು ಕೊಡಿ. ಭಯ ತಾನಾಗಿ ಇಳಿಯುತ್ತದೆ.

ಕಣ್ಣೂ ಕೆಲಸ ಮಾಡಬೇಕು

ವೈದ್ಯರು ವಾರಕ್ಕೋ ತಿಂಗಳಿಗೋ ಒಮ್ಮೆ ನೋಡುತ್ತಾರೆ. ನೀವು ದಿನವಿಡೀ ನೋಡುತ್ತೀರಿ. ಒಂದು ನೋಟುಪುಸ್ತಕವಿಟ್ಟು ಊಟ, ನೀರು, ಮಲಮೂತ್ರ, ಮಾತ್ರೆ ಕೊಟ್ಟ ಸಮಯ, ಚರ್ಮದ ಸ್ಥಿತಿ ಬರೆಯಿರಿ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಅಸಂಬದ್ಧ ಮಾತಾಡತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ಮುಪ್ಪು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಔಷಧಿ ಇವುಗಳಿಂದ ಹಿರಿಯರಲ್ಲಿ ಸನ್ನಿ ಉಂಟಾಗುವುದು ಸಾಮಾನ್ಯ. ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಸಮಯ ಬರೆದುಕೊಂಡು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಸಕ್ಕರೆ ಕಾಯಿಲೆಯವರು ತಣ್ಣಗೆ ಬೆವತು ನಡುಗುತ್ತಿದ್ದರೆ, ಎಚ್ಚರವಿದ್ದು ನುಂಗಬಲ್ಲರಾದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮಾಡಬಾರದ್ದು ಯಾವುದೆಂದೂ ತರಬೇತಿಯಲ್ಲಿ ಕಲಿಸುತ್ತಾರೆ. ಸೂಜಿ ಚುಚ್ಚುವುದು, ಮೂಗಿನ ನಳಿಕೆ ಹಾಕುವುದು, ಮಾತ್ರೆಯ ಪ್ರಮಾಣ ಬದಲಿಸುವುದು ನಿಮ್ಮ ಕೆಲಸವಲ್ಲ. ಗಲಾಟೆ ಮಾಡುತ್ತಾರೆಂದು ನಿದ್ದೆ ಮಾತ್ರೆ ಕೊಡುವುದು, ಮಂಚಕ್ಕೆ ಕಟ್ಟುವುದು ಸಲ್ಲದು. ಹಿರಿಯರ ಹಣ, ಒಡವೆ, ಸಹಿಗಳ ವ್ಯವಹಾರದಿಂದ ದೂರವಿರಿ.

ಮನೆಯವರಿಗೆ ಎರಡು ಮಾತು

ಕಲಿತವರನ್ನು ಕರೆಸಿಕೊಂಡು ಮನೆಗೆಲಸವನ್ನೂ ಅವರ ತಲೆಗೆ ಕಟ್ಟಬೇಡಿ. ಪಾತ್ರೆ ತೊಳೆಯುತ್ತ ನಿಂತವರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ? ಕೆಲಸ, ವೇಳೆ, ಸಂಬಳ, ವಾರದ ರಜೆ ಎಲ್ಲವನ್ನೂ ಮೊದಲೇ ಬರೆದು ಒಪ್ಪಿಕೊಳ್ಳಿ. ರಾತ್ರಿಯೆಲ್ಲ ಎದ್ದವರಿಗೆ ಹಗಲು ನಿದ್ದೆ ಸಿಗಬೇಕು. ನಿದ್ದೆಗೆಟ್ಟ ಕೈ ಮಾತ್ರೆ ತಪ್ಪಿಸುತ್ತದೆ. ತರಬೇತಿಯ ಪ್ರಮಾಣಪತ್ರ ನೋಡಿ, ಹಿಂದೆ ಕೆಲಸ ಮಾಡಿದ ಮನೆಯವರನ್ನು ವಿಚಾರಿಸಿ. ಹಿರಿಯರಿಗೆ ತೊಂದರೆಯಾದಾಗ ಕರೆ ಮಾಡಲು 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಹೊರದೇಶದ ಆಸೆಯುಳ್ಳವರಿಗೂ ಒಂದು ಕಿವಿಮಾತು. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡಿ ಊರಿನ ಸಂಸಾರ ಸಾಕಿದ್ದಾರೆ. ಜಪಾನಿನಲ್ಲೂ ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ. ಆದರೆ ಅಲ್ಲಿನ ಭಾಷೆ ಕಲಿಯದೆ, ಕರಾರು ಓದದೆ, ಸರ್ಕಾರದಲ್ಲಿ ನೋಂದಾಯಿಸದ ಏಜೆಂಟರಿಗೆ ಸಾಲ ಮಾಡಿ ಹಣ ಕೊಡಬೇಡಿ.

ಮೊದಲು ಹೇಳಿದ ತಾತನ ಮನೆಗೆ ಮರಳೋಣ. ಆ ಹುಡುಗಿಯನ್ನು ಬಿಡಿಸಿ ಇನ್ನೊಬ್ಬಳನ್ನು ತಂದರೆ ಫಲವಿಲ್ಲ. ಅವಳಿಗೂ ಪಾಠವಾಗಿರದಿದ್ದರೆ ಅದೇ ಹುಣ್ಣು, ಅದೇ ಕೆಮ್ಮು. ಅದೇ ಹುಡುಗಿಯನ್ನು ಕೆಲವು ತಿಂಗಳು ತರಬೇತಿಗೆ ಕಳುಹಿಸಿದರೆ ಅವಳ ಅಕ್ಕರೆಗೆ ಅರಿವು ಕೂಡುತ್ತದೆ. ಆಗ ತಾತನಿಗೆ ನೆಮ್ಮದಿ, ಅವಳಿಗೊಂದು ಗೌರವದ ವೃತ್ತಿ. ಹತ್ತಿರದ ತರಬೇತಿ ಕೇಂದ್ರ ಎಲ್ಲಿದೆ ಎಂದು ಈ ವಾರವೇ ವಿಚಾರಿಸಿ. ಇಂದು ನಾವು ಕಲಿಸಿದ ಕೈಗಳೇ ನಾಳೆ ನಮ್ಮನ್ನೂ ಏಳಿಸಿ ಕೂರಿಸಬೇಕಾದವು.