ಕ್ವರ್ಟಿ ಫೋನು ಕೇಳಿದ ಮಗಳಿಗೆ

ಸುರಪುರ

ತಂಗಿ,

ಯಾದಗಿರಿಯಲ್ಲಿ ಹಾಸ್ಟೆಲ್ಲು, ಕಾಲೇಜು ಹೊಂದಿಕೆಯಾಗಿವೆ ಎಂದು ನಿಮ್ಮಪ್ಪ ಹೇಳಿದ. ಜೊತೆಗೆ ನಿನ್ನ ಬೇಡಿಕೆಯನ್ನೂ ಮುಟ್ಟಿಸಿದ: ಟ್ರಂಕಿನಲ್ಲಿರುವ ನನ್ನ ಹಳೆಯ ನೋಕಿಯಾ ಇ63 ನಿನಗೆ ಬೇಕಂತೆ. ಟಚ್ ಫೋನು ಹಿಡಿದರೆ ರೀಲ್ಸ್ ನೋಡುತ್ತಲೇ ಹೊತ್ತು ಹೋಗುತ್ತದೆ, ಗುಂಡಿ ಒತ್ತಿ ಬರೆದರೆ ಬರಹದ ಮೇಲೆ ಮನಸ್ಸು ನಿಲ್ಲುತ್ತದೆ ಎಂಬುದು ನಿನ್ನ ಲೆಕ್ಕ. ನಿನ್ನ ಗೆಳತಿಯರೂ ಹಳೆಯ ಬ್ಲ್ಯಾಕ್‌ಬೆರಿ ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದಾರಂತೆ. ಇದು ನಿನ್ನೊಬ್ಬಳ ಮಾತಲ್ಲ ಅಂದಮೇಲೆ ಉತ್ತರವನ್ನೂ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ.

ಫೋನು ಕೊಡಲು ನನ್ನ ತಕರಾರಿಲ್ಲ. ಆದರೆ ಅದು ಏನು ಮಾಡಿತು, ಏನು ಮಾಡಲಾರದೆ ಹೋಯಿತು, ಕೊನೆಗೆ ಯಾಕೆ ಟ್ರಂಕು ಸೇರಿತು ಎಂಬುದನ್ನು ತಿಳಿದುಕೊಂಡು ತಗೋ.

ಅಕ್ಷರಕ್ಕೊಂದು ಗುಂಡಿ ಇರುವ ಕ್ವರ್ಟಿ ಫೋನು ನೋಕಿಯಾ ಕಂಪನಿಗೆ ಹೊಸದಾಗಿರಲಿಲ್ಲ. 1996ರಲ್ಲೇ ಅವರ ಕಮ್ಯುನಿಕೇಟರ್ 9000 ಬಂದಿತ್ತು. ಕಂಪಾಸ್ ಪೆಟ್ಟಿಗೆಯಂತೆ ತೆರೆದರೆ ಒಳಗೆ ಪೂರ್ತಿ ಕೀಲಿಮಣೆ. ಕೆನಡಾದ ಬ್ಲ್ಯಾಕ್‌ಬೆರಿ 2004ರಲ್ಲಿ ಏರ್‌ಟೆಲ್ ಮೂಲಕ ಭಾರತಕ್ಕೆ ಬಂತು. ಅವೆಲ್ಲ ಸೂಟು ಬೂಟಿನವರ ಸರಕು. 2008ರಲ್ಲಿ ನೋಕಿಯಾ ಉಕ್ಕಿನ ಮೈಯ ಇ71 ತಂದು, ಅದೇ ವರ್ಷದ ನವೆಂಬರಿನಲ್ಲಿ ಪ್ಲಾಸ್ಟಿಕ್ ಮೈಯ ಅಗ್ಗದ ಇ63 ಘೋಷಿಸಿತು. ಆಮೇಲೆಯೇ ನನ್ನಂಥ ತಾಲ್ಲೂಕು ಸುದ್ದಿಗಾರ ಧೈರ್ಯ ಮಾಡಿ ಅಂಥದಕ್ಕೆ ಕೈಹಾಕಿದ್ದು.

ಅದಕ್ಕೂ ಮೊದಲು ಸುದ್ದಿ ಕಳಿಸುವುದೇ ಒಂದು ಪ್ರಯಾಣ. ಹಾಳೆಯ ಮೇಲೆ ಬರೆದು, ಲಕೋಟೆಗೆ ಹಾಕಿ, ಗುಲ್ಬರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಅಲ್ಲಿ ನಿಲ್ದಾಣದಲ್ಲಿ ಪತ್ರಿಕೆಯವರು ಇಳಿಸಿಕೊಳ್ಳಬೇಕು. ನಾವು ಅದನ್ನು ‘ಬಸ್ ಕವರ್’ ಅನ್ನುತ್ತಿದ್ದೆವು. ಆಮೇಲೆ ಫ್ಯಾಕ್ಸ್ ಬಂತು, ಸೈಬರ್ ಸೆಂಟರ್ ಬಂತು. ಕೂತು ನುಡಿ ತಂತ್ರಾಂಶದಲ್ಲಿ ಟೈಪಿಸಿ ಮೇಲ್ ಮಾಡೋಣ ಅನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಇ63ರ ನಿಜವಾದ ಗುಣ ಕಂಡದ್ದು 2009ರ ನೆರೆಯಲ್ಲಿ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲಿಗೆ ಕೃಷ್ಣೆ, ಭೀಮೆ ಎರಡನ್ನೂ ಉಕ್ಕಿಸಿತು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ಗುಲ್ಬರ್ಗ ಜಿಲ್ಲೆಗೇ ಸೇರಿದ್ದವು. ಹೊಳೆ ಬಂದಾಗಲೆಲ್ಲ ನಡುಗಡ್ಡೆಯಾಗಿ ಉಳಿಯುತ್ತಿದ್ದ ನೀಲಕಂಠರಾಯನಗಡ್ಡಿಯಂಥ ಊರಿನ ಕಷ್ಟ ಅಷ್ಟು ದೂರದ ಜಿಲ್ಲಾ ಕೇಂದ್ರಕ್ಕೆ ಮುಟ್ಟಬೇಕಾದರೆ ಯಾರಾದರೂ ಬರೆಯಬೇಕಿತ್ತು. ಯಾವ ರಸ್ತೆ ಕಡಿದಿದೆ, ಎಷ್ಟು ಮನೆ ಕುಸಿದಿವೆ, ಗಂಜಿ ಕೇಂದ್ರ ಯಾವ ಶಾಲೆಯಲ್ಲಿದೆ ಎಂಬುದನ್ನು ನಿಂತಲ್ಲೇ ಎರಡು ಹೆಬ್ಬೆರಳಿನಲ್ಲಿ ಹೊಡೆದು ಎಸ್‌ಎಂಎಸ್ ಮಾಡುತ್ತಿದ್ದೆ. ಒಂದೇ ಗುಂಡಿಯನ್ನು ಮೂರು ಸಲ ಒತ್ತಿ ಒಂದು ಅಕ್ಷರ ಪಡೆಯುವ ಕಾಟ ಇರಲಿಲ್ಲ. ಕತ್ತಲಾದರೆ ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು, ಬೆನ್ನಿನ ಟಾರ್ಚ್ ಹೊತ್ತಿಕೊಳ್ಳುತ್ತಿತ್ತು. 1500 ಎಂಎಎಚ್‌ನ ಬಿಪಿ-4ಎಲ್ ಬ್ಯಾಟರಿ, ಉಗುರಿನಿಂದ ಮುಚ್ಚಳ ತೆಗೆದು ಬದಲಿಸಬಹುದಾದದ್ದು. ತುಂಬಿದ ಇನ್ನೊಂದು ಬ್ಯಾಟರಿ ಜೇಬಿನಲ್ಲಿದ್ದರೆ ಕರೆಂಟಿಲ್ಲದ ಊರಿನಲ್ಲೂ ಎದೆಗುಂದಬೇಕಿರಲಿಲ್ಲ.

ಇಷ್ಟು ಓದಿ ನಿನಗೆ ಆಸೆ ಇನ್ನೂ ಹೆಚ್ಚಾಗಿರಬಹುದು. ಸ್ವಲ್ಪ ತಡಿ.

ಆ ಫೋನಿನಲ್ಲಿ ಕನ್ನಡ ಇರಲಿಲ್ಲ. ಯಾರಾದರೂ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಬರೀ ಡಬ್ಬಿ ಡಬ್ಬಿ ಕಾಣುತ್ತಿದ್ದವು. ಹಾಗಾಗಿ ನಾನು ಕಳಿಸಿದ್ದೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡ. ಬಿ, ಇ, ಎಲ್, ಇ ಎಂದು ಹೊಡೆದರೆ ನಮ್ಮ ತೊಗರಿ ಸೀಮೆಯಲ್ಲಿ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ಮೂರೂ ತೊಗರಿಯ ಮುಂದೆ ಸರಿಯಾಗಿ ಕೂಡುತ್ತವೆ. ನೆರೆಯಲ್ಲಿ ಹಾಳಾದದ್ದು ಯಾವುದು ಎಂದು ಡೆಸ್ಕಿನವರು ತಿರುಗಿ ಫೋನ್ ಮಾಡಿ ಕೇಳಬೇಕು. ಆ ಹೊತ್ತಿಗೆ ಸಿಗ್ನಲ್ ಇರಬೇಕು. ಕನ್ನಡದಲ್ಲೇ ಕಳಿಸುವ ಅನುಕೂಲ ಇದ್ದಿದ್ದರೂ ದುಬಾರಿಯೇ. ಇಂಗ್ಲಿಷ್ ಅಕ್ಷರವಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಯುತ್ತಿದ್ದವು, ಯೂನಿಕೋಡ್ ಕನ್ನಡವಾದರೆ 70. ಆ 70ರಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಮೇಲಾಗಿ ಯುಗಾದಿ, ದೀಪಾವಳಿಯಂಥ ದಿನ ಎಸ್‌ಎಂಎಸ್ ಪ್ಯಾಕು ನಡೆಯುತ್ತಿರಲಿಲ್ಲ, ಪೂರ್ತಿ ದರ ಕಡಿಯುತ್ತಿದ್ದರು.

ಕನ್ನಡ ಓದಲು ಮಾತ್ರ ಒಂದು ಉಪಾಯವಿತ್ತು. ಒಪೆರಾ ಮಿನಿ ಹಾಕಿಕೊಂಡು, ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪಿಸಿ, ತೆರೆದ ಪುಟದ ತಳಕ್ಕೆ ಹೋಗಿ, ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಆಯ್ಕೆಗೆ ‘ಯೆಸ್’ ಕೊಡಬೇಕು. ಆಮೇಲೆ ಕಂಪನಿಯ ಸರ್ವರಿನಲ್ಲಿ ಕನ್ನಡ ಸಾಲುಗಳು ಚಿತ್ರವಾಗಿ ಬದಲಾಗಿ ಫೋನಿಗೆ ಬರುತ್ತಿದ್ದವು. ಡೇಟಾ ಹೆಚ್ಚು ಖರ್ಚಾದರೂ ಓದಿ ಖುಷಿಪಟ್ಟಿದ್ದೇವೆ. ಆದರೆ ಚಿತ್ರ ಚಿತ್ರವೇ: ಅದನ್ನು ಕಾಪಿ ಮಾಡಲು ಬಾರದು, ತಿದ್ದಲು ಬಾರದು, ಮರಳಿ ಒಂದು ಅಕ್ಷರ ಬರೆಯಲು ಬಾರದು.

ಇದು ಗುಂಡಿಗಳ ಕೊರತೆ ಅಲ್ಲ, ತಂಗಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಡೀ ಕನ್ನಡ ಇಂಗ್ಲಿಷಿನ 26 ಗುಂಡಿಗಳಲ್ಲೇ ಕೂತಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಕಂಪ್ಯೂಟರಿನಲ್ಲಿ ನುಡಿ ಬಳಸುವ ಯಾವ ಗುಮಾಸ್ತನನ್ನು ಬೇಕಾದರೂ ಕೇಳು. ಅದೇ 26 ಗುಂಡಿಗಳು ನನ್ನ ಫೋನಿನ ಮೈಮೇಲೂ ಇದ್ದವು. ಒಳಗೆ ಕನ್ನಡ ಇಡಬೇಕೆಂದು ಕಂಪನಿಯವರಿಗೆ ಅನ್ನಿಸಿರಲಿಲ್ಲ, ಅಷ್ಟೇ. 2012ರಲ್ಲಿ ಆಂಡ್ರಾಯ್ಡ್‌ನ 4.1 ಆವೃತ್ತಿ ಬಂದಾಗ ಕನ್ನಡವೂ ಅದರೊಳಗೆ ಬಂತು, ಆ ಫೋನುಗಳಲ್ಲಿ ಹೆಚ್ಚಿನವಕ್ಕೆ ಅಕ್ಷರದ ಗುಂಡಿ ಒಂದೂ ಇಲ್ಲದಿದ್ದರೂ. 2016ರಲ್ಲಿ ಭಾರತೀಯ ಮಾನಕ ಐಎಸ್ 16333ರ ಮೂರನೇ ಭಾಗ ಬಂದು, ಇಲ್ಲಿ ಮಾರುವ ಫೋನುಗಳು 22 ಭಾಷೆಗಳ ಅಕ್ಷರ ತೋರಿಸಬೇಕೆಂದು ವಿಧಿಸಿತು. ನಿನ್ನ ಕೈಯಲ್ಲಿರುವ ಫೋನಿನಲ್ಲಿ ಕನ್ನಡ ತಾನಾಗಿ ಬಂದು ಕೂತಿಲ್ಲ.

ಇನ್ನು ಆ ಫೋನು ಟ್ರಂಕು ಸೇರಿದ ಕಥೆ. ಗುಂಡಿ ಸವೆದು ಹೋಗಲಿಲ್ಲ, ಬೋರ್ಡು ಸುಡಲಿಲ್ಲ. 2014ರ ಜನವರಿಯಿಂದ ಅದಕ್ಕೆ ಹೊಸ ಆ್ಯಪ್ ಸೇರಿಸುವುದನ್ನು ನೋಕಿಯಾ ನಿಲ್ಲಿಸಿತು. ಆ ಏಪ್ರಿಲ್‌ನಲ್ಲಿ ಫೋನು ವ್ಯಾಪಾರವೇ ಮೈಕ್ರೋಸಾಫ್ಟ್ ಪಾಲಾಯಿತು. ವರ್ಷ ಮುಗಿಯುವುದರೊಳಗೆ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಕಾರ್ಖಾನೆ ಬಾಗಿಲು ಹಾಕಿತು. 2017ರ ಜೂನ್ 30ಕ್ಕೆ ವಾಟ್ಸ್‌ಆ್ಯಪ್ ಕೂಡ ಆ ಫೋನನ್ನು ಕೈಬಿಟ್ಟಿತು. ನಿನ್ನ ಗೆಳತಿಯರು ಹುಡುಕುವ ಹಳೆಯ ಬ್ಲ್ಯಾಕ್‌ಬೆರಿಗಳಿಗೆ ಅವರ ಕಂಪನಿಯೇ 2022ರ ಜನವರಿ 4ರಂದು ಸೇವೆ ನಿಲ್ಲಿಸಿದೆ. ವಸ್ತು ನಮ್ಮ ಜೇಬಿನಲ್ಲೇ ಇತ್ತು; ಅದರ ಆಯುಷ್ಯ ಮಾತ್ರ ಬೇರೆಯವರ ಕೈಯಲ್ಲಿತ್ತು. ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ: ಯಾವ ಫೋನನ್ನಾದರೂ ಬಳಸು, ಬರೆದದ್ದನ್ನು ಅದರೊಳಗೆ ಬಿಡಬೇಡ.

ಕಾಂಟ್ಯಾಕ್ಟುಗಳನ್ನೆಲ್ಲ ವಿಸಿಎಫ್ ಫೈಲಾಗಿ ಮೆಮರಿ ಕಾರ್ಡಿಗೆ ಇಳಿಸಿಕೊಂಡಿದ್ದರಿಂದ ಆ ಹೆಸರುಗಳು ಇಂದಿಗೂ ನನ್ನ ಹತ್ತಿರ ಇವೆ. ನೋಟ್ಸಿನಲ್ಲಿದ್ದದ್ದನ್ನು ವಾರದ ಸಂತೆಯ ದಿನ ಡೈರಿಗೆ ಇಳಿಸುವ ರೂಢಿಯಿತ್ತು, ಅವೂ ಉಳಿದಿವೆ. ನೀನೂ ಹಾಗೇ ಮಾಡು. ಬರಹವನ್ನು ಯೂನಿಕೋಡಿನಲ್ಲಿ, ಸಾದಾ ಫೈಲಾಗಿ ಉಳಿಸು. ಒಂದು ಪ್ರತಿ ಮೇಲ್‌ನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಇರಲಿ. ಬರೀ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಬರೆದರೆ ಮಾರನೇ ದಿನಕ್ಕೆ ಅದು ನಿನ್ನದಲ್ಲ.

ಇ63ಯನ್ನೇ ದಿನನಿತ್ಯಕ್ಕೆ ಬಳಸುತ್ತೇನೆ ಅಂತೀಯಾದರೆ ಇಷ್ಟು ತಿಳಿದಿರಲಿ. ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. 2ಜಿ ಇರುವ ಕಂಪನಿಯ ಸಿಮ್ಮೇ ಬೇಕು, ಚಿಕ್ಕ ಸಿಮ್ಮಿಗೆ ಅಡಾಪ್ಟರ್ ಹಾಕಬೇಕು. ಕರೆ, ಎಸ್‌ಎಂಎಸ್, ಬ್ಯಾಂಕಿನ ಒಟಿಪಿ ಬರುತ್ತವೆ. ಫೋನ್‌ಪೇ ಬರುವುದಿಲ್ಲ, ಗುಂಡಿ ಫೋನಿನವರಿಗೆಂದು 2022ರಲ್ಲಿ ಬಂದ ಯುಪಿಐ 123ಪೇ ಕಲಿಯಬೇಕು. ಹಾಸ್ಟೆಲ್ ನೋಟಿಸು, ಕಾಲೇಜು ಗ್ರೂಪು, ಸ್ಕಾಲರ್‌ಶಿಪ್ಪಿನ ಅರ್ಜಿ ಯಾವುದೂ ಅದರಲ್ಲಿ ಆಗದು. ಗೆಳತಿಯ ಫೋನು ಬೇಡುತ್ತ ತಿರುಗಬೇಕಾಗುತ್ತದೆ. ಅದು ಸ್ವಾತಂತ್ರ್ಯ ಅಲ್ಲ.

ಮನಸ್ಸು ಚದುರುತ್ತದೆ ಎಂಬ ನಿನ್ನ ದೂರು ನಿಜ. ಅದಕ್ಕೆ ಇ63ರಿಂದಲೇ ಒಂದು ಪಾಠ ತಗೋ. ಅದರಲ್ಲಿ ಎರಡು ಮುಖಪುಟ ಇಟ್ಟಿದ್ದರು, ಒಂದು ಕೆಲಸದ್ದು, ಒಂದು ಸ್ವಂತದ್ದು. ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹೋಗಬಹುದಿತ್ತು. ಸುದ್ದಿಗೆ ಹೊರಟರೆ ನಾನು ಕೆಲಸದ ಪುಟ ಮಾತ್ರ ತೆರೆದಿಡುತ್ತಿದ್ದೆ. ನಿನ್ನ ಫೋನಿನ ಸೆಟ್ಟಿಂಗ್ಸಿನಲ್ಲಿ ಫೋಕಸ್ ಮೋಡ್ ಇದ್ದರೆ ಸಂಜೆ ಬರೆಯಲು ಕೂತಾಗ ಅದನ್ನು ಹಾಕು. ಗುಂಡಿಯೇ ಬೇಕೆನಿಸಿದರೆ ಕಾಲೇಜಿನ ಲ್ಯಾಬಿನಲ್ಲಿ ಕೂತು ನುಡಿ ಕಲಿ. ಬೆರಳಿಗೆ ಒಮ್ಮೆ ಹತ್ತಿದರೆ ಜೀವನಪೂರ್ತಿ ಬರುವ ವಿದ್ಯೆ. ನಾಳೆ ಪತ್ರಿಕೆಗೆ ಹೋದರೂ, ತಹಸೀಲ್ದಾರ್ ಕಚೇರಿಗೆ ಹೋದರೂ ಕೈ ಹಿಡಿಯುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಟುವಾದದ್ದು. ವಾಯ್ಸ್ ಮೆಸೇಜ್ ಕಳಿಸುವವರನ್ನು ನೀನು ಗೇಲಿ ಮಾಡುತ್ತೀಯೆಂದು ಕೇಳಿದೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕೆಳಗೆ. ಬೆಂಗಳೂರು, ಮುಂಬೈಗೆ ಗುಳೆ ಹೋದ ಗೌಂಡಿಯ ಹೆಂಡತಿ ಕೆಂಭಾವಿಯಲ್ಲೋ ಕಕ್ಕೇರಾದಲ್ಲೋ ಕೂತು ಗಂಡನ ಕೂಡ ಮಾತಾಡುವುದು ಆ ವಾಯ್ಸಿನಲ್ಲೇ. ಮೊದಲು ಅವರಿಗೆ ಇದ್ದದ್ದು ಮಿಸ್ಡ್ ಕಾಲ್: ಒಂದು ರಿಂಗಾದರೆ ಮುಟ್ಟಿದೆ, ಎರಡಾದರೆ ನೀನೇ ಮಾಡು. ನನ್ನ ಕ್ವರ್ಟಿ ಫೋನು ಅವರ ಪಾಲಿಗೆ ಇದ್ದೂ ಇಲ್ಲದಂತಿತ್ತು. ಅಕ್ಷರ ಬಲ್ಲವಳಿಗೆ ಅಕ್ಷರ ಬಾರದವರ ಮೇಲೆ ದರ್ಪ ಸಲ್ಲದು. ಅವರ ಅರ್ಜಿ ಬರೆದುಕೊಡುವ, ಅವರ ಮಾತನ್ನು ಅಚ್ಚಿಗೆ ತಲುಪಿಸುವ ಕೆಲಸ ಇದೆ. ನಿನ್ನ ಬರವಣಿಗೆಗೆ ವಿಷಯ ಏನು ಎಂದು ಕೇಳುತ್ತಿದ್ದೆಯಲ್ಲ, ಅಲ್ಲಿಂದಲೇ ಶುರು ಮಾಡು.

ಮೊದಲ ಕೆಲಸ ಕೊಡುತ್ತೇನೆ. ಮೆಮರಿ ಕಾರ್ಡಿಗೆ ದುಡ್ಡು ತಗೊಂಡು ಜನಪದ ಹಾಡು, ಭಜನೆ, ನಾಟಕ ತುಂಬಿಕೊಡುತ್ತಿದ್ದ ಮೊಬೈಲ್ ಅಂಗಡಿಯವರು ಶಹಾಪುರದಲ್ಲಿ ಈಗ ಏನು ಮಾಡುತ್ತಿದ್ದಾರೆ, ಯಾವ ಹಾಡಿಗೆ ಗಿರಾಕಿ ಹೆಚ್ಚಿದ್ದರು ಎಂದು ವಿಚಾರಿಸಿ, ನಿನ್ನ ಟಚ್ ಫೋನಿನಲ್ಲೇ, ಕನ್ನಡ ಅಕ್ಷರದಲ್ಲೇ ಎರಡು ಪುಟ ಬರೆದು ಮೇಲ್ ಮಾಡು. ಹೆಸರು, ಊರು, ರೇಟು ಸರಿಯಾಗಿ ಕೇಳಿ ಬರಕೋ. ಕಾಗುಣಿತ ನಾನು ತಿದ್ದುತ್ತೇನೆ. ವಿಷಯ ಸಪ್ಪೆಯಾದರೆ ತಿರುಗಿ ಕಳಿಸುತ್ತೇನೆ, ಮುನಿಸಿಕೊಳ್ಳಬಾರದು.

ನಿನ್ನ ಕಾಕಾ