ಸ್ಪೇನಿನಿಂದ ಬಂದ ಫಾದರ್

ವಿನ್ಸೆಂಟ್ ಫೆರರ್ ಹುಟ್ಟಿದ್ದು 1920ರಲ್ಲಿ, ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ. ಪಾದ್ರಿ ಆಗಬೇಕೆಂದು 1952ರಲ್ಲಿ ನಮ್ಮ ದೇಶಕ್ಕೆ ಬಂದರು.

ಮಹಾರಾಷ್ಟ್ರದ ಮನ್ಮಾಡ್ ಕಡೆ ಮಳೆ ಕಡಿಮೆ. ಅಲ್ಲಿ ಬಾವಿ ತೋಡುವ ರೈತರಿಗೆ ಗೋಧಿ, ಎಣ್ಣೆ ಕೊಟ್ಟರು. ಹೊಟ್ಟೆ ತುಂಬಿದರೆ ತಾನೆ ಗುದ್ದಲಿ ಮೇಲೇಳೋದು?

ಬಡವರು ಒಂದಾಗಿದ್ದು ಕೆಲವು ದೊಡ್ಡವರಿಗೆ ಹಿಡಿಸಲಿಲ್ಲ. ದೇಶ ಬಿಟ್ಟು ಹೋಗಿ ಅಂತ 1968ರಲ್ಲಿ ಫಾದರ್‌ಗೆ ಆದೇಶ ಬಂತು. ಸಾವಿರಾರು ರೈತರು ಅವರಿಗಾಗಿ ಮನ್ಮಾಡ್‌ನಿಂದ ಮುಂಬಯಿಗೆ ನಡೆದೇ ಹೋದರು! ಸ್ವಲ್ಪ ಕಾಲ ಹೊರಗಿದ್ದು ಮರಳಿ ಬರಲಿ ಎಂದು ಪ್ರಧಾನಿ ಇಂದಿರಾ ಗಾಂಧಿ ಒಪ್ಪಿದರು.

1969ರಲ್ಲಿ ಅವರು ಅನಂತಪುರಕ್ಕೆ ಬಂದರು. ನಮ್ಮ ರಾಯದುರ್ಗದ ಜಿಲ್ಲೆ ಅದು. ಇಲ್ಲಿನ ಬರ ನಿಮಗೆ ಹೇಳಬೇಕಾಗಿಲ್ಲ. ಮರುವರ್ಷ ಪಾದ್ರಿತನ ಬಿಟ್ಟು, ಇಂಗ್ಲೆಂಡಿನ ಆನ್ ಅವರನ್ನು ಮದುವೆಯಾದರು. ಇಬ್ಬರೂ ಇಲ್ಲೇ ನೆಲೆಸಿದರು. ಆರ್‌ಡಿಟಿ ಎಂದು ನಾವು ಕರೆಯುವ ಸಂಸ್ಥೆ ಅವರು ಕಟ್ಟಿದ್ದೇ. ಕಣೇಕಲ್ಲಿನ ಆಸ್ಪತ್ರೆಯೂ ಅದರದೇ.

ಸ್ಪೇನಿನ ಎಷ್ಟೋ ಮನೆಯವರು ಇಲ್ಲಿನ ಒಂದೊಂದು ಮಗುವಿನ ಹೆಸರಿನಲ್ಲಿ ತಿಂಗಳಿಗಿಷ್ಟು ಹಣ ಕಳಿಸುತ್ತಾರೆ. ಆ ಹಣ ಮಗುವಿನ ಕೈಗೆ ಕೊಡಲ್ಲ. ಊರಿನ ಓದು, ಮನೆ, ಆಸ್ಪತ್ರೆಗೆ ಹಾಕುತ್ತಾರೆ. ಇದೇ ಸರಿ ಅನ್ನಿಸುತ್ತೆ ನನಗೆ. ಒಂದೇ ಮಗುವಿಗೆ ಕೊಟ್ಟರೆ ಪಕ್ಕದ ಮನೆ ಮಗು ಏನು ಮಾಡಬೇಕು? ಹಣ ಕಳಿಸಿದವರಿಗೆ ಮಗು ಕಾಗದ ಬರೆಯುತ್ತೆ. ಸ್ಪೇನಿನ ಡಾಕ್ಟರುಗಳು ಕೆಲವರು ಸಂಬಳವಿಲ್ಲದೆ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಹೋಗುತ್ತಾರೆ.

ಫಾದರ್ ತೀರಿಕೊಂಡಿದ್ದು 2009ರಲ್ಲಿ, ಅನಂತಪುರದಲ್ಲೇ.

ಓದಿ, ಬರೆಯಿರಿ:
ರೈತರು ಮುಂಬಯಿಗೆ ಯಾಕೆ ನಡೆದರು?
ಸ್ಪೇನಿನ ಒಂದು ಮನೆಯವರಿಗೆ ನಿಮ್ಮ ಊರಿನ ಬಗ್ಗೆ ಐದು ಸಾಲಿನ ಕಾಗದ ಬರೆಯಿರಿ.