ಸಲಹಾ ಪರಿಷತ್ತಿನಲ್ಲಿ ಸಿಬ್ಬಂದಿಯ ಪ್ರಾತಿನಿಧ್ಯ

‘ಅಧಿಪತಿ’ಯಿಂದ ‘ಆಧಿಪತ್ಯ’, ‘ಪ್ರತಿನಿಧಿ’ಯಿಂದ ‘ಪ್ರಾತಿನಿಧ್ಯ’. ಎರಡೂ ತದ್ಧಿತಾಂತ ಪದಗಳು. ರಚನೆ ಒಂದೇ, ಆಶಯ ಬೇರೆ. ಮೊದಲನೆಯದು ಆಳುವವನ ಅಧಿಕಾರ. ಎರಡನೆಯದು ಪರರ ಪರವಾಗಿ ನುಡಿಯುವವನ ಹೊಣೆ. ಕಾಲೇಜಿನ ಆಡಳಿತದಲ್ಲಿ ಇವೆರಡೂ ಸಂಧಿಸುವ ಬಗೆಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಾಲೇಜು ಕಾನೂನು ಉತ್ತಮ ನಿದರ್ಶನ.

ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ಆಡಳಿತ ಮಂಡಳಿಯ ಜೊತೆಗೆ ಶಿಕ್ಷಣ ಪರಿಷತ್ತೂ ಇರುತ್ತದೆ. ಅದರಲ್ಲಿ ಮತಾಧಿಕಾರವುಳ್ಳ ಸದಸ್ಯರು 20 ಮಂದಿ: ಅಧ್ಯಾಪಕರು 10, ವಿದ್ಯಾರ್ಥಿಗಳು 4, ಶೈಕ್ಷಣಿಕ ಆಡಳಿತಾಧಿಕಾರಿಗಳು 4, ಬೋಧಕೇತರ ಸಿಬ್ಬಂದಿ 2. ಆಡಳಿತಾಧಿಕಾರಿಗಳನ್ನು ಕಾಲೇಜಿನ ಅಧ್ಯಕ್ಷರು ನೇಮಿಸುತ್ತಾರೆ. ಉಳಿದವರನ್ನು ಆಯಾ ವರ್ಗದವರೇ ಚುನಾಯಿಸುತ್ತಾರೆ. ನೇಮಕಗೊಂಡವರು ನೇಮಿಸಿದವರಿಗೆ ಉತ್ತರಿಸಬೇಕು, ಚುನಾಯಿತರು ತಮ್ಮವರಿಗೆ. ಪ್ರಾತಿನಿಧ್ಯದ ತಿರುಳು ಇಲ್ಲಿದೆ.

ಒಂದು ಕೋರ್ಸನ್ನು ಆರಂಭಿಸುವ ಅಥವಾ ರದ್ದುಪಡಿಸುವ ವಿಷಯದಲ್ಲಿ ಮಂಡಳಿಯು ಪರಿಷತ್ತಿನ ಸಲಹೆಯನ್ನು ಕೇಳಲೇಬೇಕು. ಅಂತಿಮ ನಿರ್ಣಯ ಮಾತ್ರ ಮಂಡಳಿಯದು. ಹಾಗಾದರೆ ಸಿಬ್ಬಂದಿಯ ಎರಡು ಮತಗಳಿಂದ ಪ್ರಯೋಜನವೇನು? ಪ್ರವೇಶಪತ್ರ ಪಡೆಯುವ ಗುಮಾಸ್ತರು, ಉಪಕರಣ ಕಾಯುವ ಪ್ರಯೋಗಾಲಯ ಸಹಾಯಕರು ಕಂಡುದನ್ನು ಮೇಲಿನವರು ಕಂಡಿರುವುದಿಲ್ಲ. ಮತದ ಬಲ ಅಲ್ಪವಾದರೂ ಅನುಭವದ ಮಾತು ಸಭೆಯ ಕಡತದಲ್ಲಿ ದಾಖಲಾಗುತ್ತದೆ. ಅದನ್ನು ಕಡೆಗಣಿಸುವವರು ಕಾರಣ ಹೇಳಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾರೆ.

ಗಡಿನಾಡಿನಲ್ಲಿ ಐಚ್ಛಿಕ ಕನ್ನಡ ಓದುವ ನಾವು ಈ ಸೂಕ್ಷ್ಮವನ್ನು ಅರಿಯಬೇಕು. ಸಂಖ್ಯೆ ಕಡಿಮೆಯೆಂದು ಒಂದು ತರಗತಿಯ ಅಳಿವು ಉಳಿವು ಚರ್ಚೆಗೆ ಬಂದಾಗ, ಆ ಸಭೆಯಲ್ಲಿ ನಮ್ಮ ಪರವಾಗಿ ಕುಳಿತವರು ಯಾರು, ಅವರನ್ನು ಆರಿಸಿದವರು ಯಾರು?

ಅಭ್ಯಾಸ: ‘ಸಲಹೆ’, ‘ಸಮ್ಮತಿ’, ‘ನಿರ್ಣಯ’ – ಈ ಪದಗಳ ಅರ್ಥವ್ಯತ್ಯಾಸವನ್ನು ಸೋದಾಹರಣವಾಗಿ ವಿವರಿಸಿರಿ.